ಹವಾಮಾನ ಬದಲಾವಣೆ ಮತ್ತು ಕಾನೂನು
ರಾಜಘಟ್ಟವೆಂದರೆ ಪರೀಕ್ಷಾರ್ಥಿಗೆ ನೆನಪಾಗುವುದು ಬೌದ್ಧ ಚೈತ್ಯ, ವಿಹಾರ. ಊರಿರುವ ದೊಡ್ಡಬಳ್ಳಾಪುರ ತಾಲ್ಲೂಕು ಅಂತರ್ಜಲ ಅತಿಬಳಕೆಯ ಪಟ್ಟಿಯಲ್ಲೂ ಇದೆ. ಮಳೆ ಕೈಕೊಟ್ಟಷ್ಟೂ ಕೊಳವೆಬಾವಿಯ ಮೇಲೆ ಭಾರ. ಅಧಿಸೂಚಿತ ಪ್ರದೇಶದಲ್ಲಿ ಕೊರೆಯಲು ಅನುಮತಿ ಕಡ್ಡಾಯ (ಕರ್ನಾಟಕ ಅಂತರ್ಜಲ ಅಧಿನಿಯಮ, 2011).

ಅಂತರ್ಜಲಕ್ಕೆ ಹೀಗೆ ಕಾಯ್ದೆ ಇದ್ದರೂ, ಹವಾಮಾನ ಬದಲಾವಣೆಗೆಂದೇ ಭಾರತದಲ್ಲಿ ಸಮಗ್ರ ಕಾಯ್ದೆ ಇಲ್ಲ. ಆಸರೆ ಸಂವಿಧಾನವೇ. ಎಂ.ಕೆ. ರಂಜಿತ್‌ಸಿಂಹ ಪ್ರಕರಣದಲ್ಲಿ (21 ಮಾರ್ಚ್ 2024) ಸುಪ್ರೀಂ ಕೋರ್ಟ್, ಹವಾಮಾನ ಬದಲಾವಣೆಯ ದುಷ್ಪರಿಣಾಮಗಳ ವಿರುದ್ಧದ ಹಕ್ಕನ್ನು 14 ಮತ್ತು 21ನೇ ವಿಧಿಗಳಲ್ಲಿ ಗುರುತಿಸಿತು. ವಿಚಿತ್ರವೆಂದರೆ, ಅರ್ಜಿ ಸಲ್ಲಿಕೆಯಾಗಿದ್ದು ಎರೆಭೂತ ಹಕ್ಕಿಯ (ಗ್ರೇಟ್ ಇಂಡಿಯನ್ ಬಸ್ಟರ್ಡ್) ರಕ್ಷಣೆಗೆ. ವಿದ್ಯುತ್ ತಂತಿಗೆ ಬಡಿದು ಅವು ಸಾಯುತ್ತಿದ್ದವು. ಕರ್ನಾಟಕದಲ್ಲಿ ಈ ಹಕ್ಕಿಯ ನೆಲೆ ಬಳ್ಳಾರಿಯ ಸಿರುಗುಪ್ಪ.

ಪರಿಸರ ರಕ್ಷಣೆಯ ಎರಡು ವಿಧಿಗಳನ್ನು ಹಲವರು ಅದಲುಬದಲು ಮಾಡುತ್ತಾರೆ: 48ಎ ರಾಜ್ಯಕ್ಕೆ ನಿರ್ದೇಶನ, 51ಎ(ಜಿ) ಪ್ರಜೆಯ ಕರ್ತವ್ಯ. ಎರಡೂ ಸೇರಿದ್ದು 1976ರ 42ನೇ ತಿದ್ದುಪಡಿಯಲ್ಲಿ.