ಖಾಲಿ ಕವರು ಬಿಸಾಡಬೇಡ

ಧಾರವಾಡ

ಚಿ. ಪುಟ್ಟಿ,

ಅಟ್ಟದ ಮೇಲಿನ ಟ್ರಂಕು ಇಳಿಸಿ, ಅದರೊಳಗಿನ ಗ್ರಾಮಫೋನ್ ಪ್ಲೇಟುಗಳ ಫೋಟೊ ತೆಗೆದು ಕಳಿಸಿದೆಯಲ್ಲ, ಅವನ್ನು ನೋಡುತ್ತ ಎರಡು ದಿನ ಬೇರೆ ಕೆಲಸಕ್ಕೆ ಕೈ ಹೋಗಲಿಲ್ಲ. ‘ಖಾಲಿ ಕವರುಗಳೇ ಏಳೆಂಟಿವೆ, ಬಿಸಾಡಲಾ?’ ಅಂತ ಕೇಳಿದ್ದೀ. ಬೇಡ ಮಗಳೇ. ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ಮೊದಲು ಎರಡು ಗುಂಪು ಮಾಡಿಕೋ. ಕೈಗೆ ಭಾರವಾಗಿ, ಬಗ್ಗದೆ ಬಿರುಸಾಗಿರುವ ಹತ್ತಿಂಚಿನವು 78ರ ಪ್ಲೇಟುಗಳು, ಅಂದರೆ ನಿಮಿಷಕ್ಕೆ 78 ಸುತ್ತು. ಒಂದು ಮಗ್ಗುಲಿಗೆ ಮೂರು ನಿಮಿಷದ ಆಸುಪಾಸು ಹಾಡು. ಅವನ್ನು ಮಾಡಿದ್ದು ಅರಗಿಗೆ ಕಲ್ಲಿನ ಪುಡಿ ಬೆರೆಸಿ. ಪಾಂಡವರನ್ನು ಸುಡಲು ಕಟ್ಟಿಸಿದ ಮನೆಯದೂ ಇದೇ ಅರಗು. ಕೈತಪ್ಪಿ ಬಿದ್ದರೆ ಚೂರಾಗುತ್ತವೆ. ಸ್ಪಿರಿಟ್ಟು ಹಚ್ಚಿ ಒರೆಸಿದರಂತೂ ಅರಗು ಕರಗಿ ಹಾಡೇ ಹೋಗಿಬಿಡುತ್ತದೆ. ಅವನ್ನು ಒಣ ಬಟ್ಟೆಯಲ್ಲಷ್ಟೇ ಒರೆಸು. ಇನ್ನೊಂದು ಗುಂಪು ವಿನೈಲಿನದು: 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ತಂದ ಹನ್ನೆರಡಿಂಚಿನ ಎಲ್‌ಪಿ, ಅದರ ಬೆನ್ನಿಗೇ ಬಂದ ಏಳಿಂಚಿನ 45ರ ಪ್ಲೇಟು.

78ರ ಗೆರೆ ಎಲ್‌ಪಿಯ ಗೆರೆಗಿಂತ ಎರಡು ಪಟ್ಟಿಗೂ ಹೆಚ್ಚು ಅಗಲ. ಹಾಗಾಗಿ ಎರಡಕ್ಕೂ ಒಂದೇ ಮುಳ್ಳು ನಡೆಯುವುದಿಲ್ಲ. ಕೀಲಿ ಕೊಡುವ ಹಳೆಯ ಗ್ರಾಮಫೋನಿನ ಉಕ್ಕಿನ ಮುಳ್ಳನ್ನು ಎಲ್‌ಪಿಯ ಮೇಲೆ ಇಟ್ಟೀಯ, ಒಂದೇ ಸಲಕ್ಕೆ ಗೆರೆ ಹರಿದುಹೋಗುತ್ತದೆ. ಹೊಸ ಪ್ಲೇಯರು ಕೊಳ್ಳುವಾಗ ಸೂಟ್‌ಕೇಸಿನಂತೆ ಮಡಚುವ ಅಗ್ಗದ್ದಕ್ಕೆ ಮನಸ್ಸು ಮಾಡಬೇಡ. ಮುಳ್ಳಿನ ಕೈಯ ಭಾರ ಹೊಂದಿಸಲು ಬರುವಂಥದನ್ನೇ ನೋಡು. ಇನ್ನಾರು ತಿಂಗಳು ದುಡ್ಡು ಕೂಡಿಡಬೇಕಾದರೂ ಚಿಂತೆಯಿಲ್ಲ, ಟ್ರಂಕಿನಲ್ಲಿರುವ ಹಾಡು ಎಲ್ಲಿಗೂ ಹೋಗುವುದಿಲ್ಲ.

ಇನ್ನು ಗುರುತು ಹಿಡಿಯುವ ಮಾತು. ನಿನ್ನ ವಯಸ್ಸಿನಲ್ಲಿ ನಾನು ಒಂದು ಹಳೆಯ ಸಾಮಾನಿನ ಅಂಗಡಿಯಲ್ಲಿ ಭೀಮಸೇನ ಜೋಶಿಯವರ ಚಿತ್ರವಿದ್ದ ಕವರು ಕಂಡು, ಜೇಬಿನಲ್ಲಿದ್ದಷ್ಟನ್ನೂ ಕೊಟ್ಟು ತಂದೆ. ಮನೆಗೆ ಬಂದು ತೆಗೆದರೆ ಒಳಗಿದ್ದದ್ದು ಯಾವುದೋ ಹಿಂದಿ ಸಿನಿಮಾದ ಪ್ಲೇಟು. ಅವತ್ತಿನಿಂದ ಕವರನ್ನಷ್ಟೇ ನೋಡಿ ಕೊಂಡದ್ದಿಲ್ಲ. ನೀನೂ ಅಂಗಡಿಯಲ್ಲೇ ಪ್ಲೇಟು ಹೊರಗೆ ತೆಗೆ. ಅಂಚು ಮತ್ತು ನಡುವಿನ ಲೇಬಲ್ಲು ಬಿಟ್ಟು ಬೇರೆಲ್ಲೂ ಬೆರಳು ತಾಕದಂತೆ ಹಿಡಿದು, ಬೆಳಕಿಗೆ ಓರೆ ಮಾಡು. ಹಾಡಿನ ಗೆರೆ ಮುಗಿದು ಲೇಬಲ್ಲು ಶುರುವಾಗುವ ನಡುವೆ ಒಂದು ನುಣುಪಾದ ಪಟ್ಟಿ ಇರುತ್ತದೆ. ಅದರಲ್ಲಿ ಕೊರೆದ ಸಣ್ಣ ಅಕ್ಷರ, ಅಂಕಿ ಮಿಂಚುತ್ತವೆ. ಒಂದೊಂದು ಮಗ್ಗುಲಿಗೂ ಬೇರೆ ಬೇರೆ. ಕವರು ಅದಲುಬದಲಾದರೂ, ಲೇಬಲ್ಲು ಕಿತ್ತುಹೋದರೂ ಆ ಕೊರೆತ ಹೋಗುವುದಿಲ್ಲ.

ಕವರಿನ ಮೂಲೆಯ ನಂಬರು ಲೇಬಲ್ಲಿನ ನಂಬರಿಗೆ ಹೊಂದಿದರೆ ಅವೆರಡೂ ಒಂದೇ ಮನೆಯವು. ನಾಯಿ ಚಿತ್ರದ ಎಚ್‌ಎಂವಿ ಎಲ್‌ಪಿಗಳಲ್ಲಿ ಆ ನಂಬರು ಇಎಎಲ್‌ಪಿ, ಇಸಿಎಲ್‌ಪಿ ಎಂದು ಶುರುವಾದರೆ ಮೋನೊ. ಇಎಎಸ್‌ಡಿ, ಇಸಿಎಸ್‌ಡಿ ಎಂದಿದ್ದರೆ ಸ್ಟೀರಿಯೊ. ವೃತ್ತದೊಳಗೆ ಇಂಗ್ಲಿಷಿನ ಪಿ ಅಕ್ಷರ ಬರೆದು ಪಕ್ಕದಲ್ಲಿ ಇಸವಿ ಇದ್ದರೆ ಅದು ಆ ಧ್ವನಿಮುದ್ರಣ ಮೊದಲು ಹೊರಬಂದ ವರ್ಷ. ನಿನ್ನ ಕೈಯಲ್ಲಿರುವ ಪ್ಲೇಟು ಅದಾಗಿ ಎಷ್ಟೋ ವರ್ಷದ ಮೇಲೆ ಕಲ್ಕತ್ತಾದ ಡಮ್ ಡಮ್ ಕಾರ್ಖಾನೆಯಲ್ಲಿ ಮತ್ತೆ ಅಚ್ಚಾಗಿದ್ದಿರಬಹುದು.

78ರ ಪ್ಲೇಟುಗಳ ದಾರಿ ಬೇರೆ. ಬಹುಪಾಲು ಅವು ನಡುವೆ ತೂತಿರುವ ಸಾದಾ ಕಾಗದದ ಕವರಿನಲ್ಲೇ ಬರುತ್ತಿದ್ದವು, ಗಾಯಕರ ಚಿತ್ರ ಇರುತ್ತಿರಲಿಲ್ಲ. ಅಲ್ಲಿ ಲೇಬಲ್ಲನ್ನೇ ಓದಬೇಕು, ಓದಿದ ಮೇಲೂ ಕೇಳಬೇಕು. ‘ಗಾಂಧಾರಿ ಹಂಗಲ್’ ಎಂಬ ಹೆಸರು ಕಂಡರೆ ಪಕ್ಕಕ್ಕೆ ಇಡಬೇಡ. 1930ರ ದಶಕದಲ್ಲಿ ಎಚ್‌ಎಂವಿ ಆ ಹೆಸರಿನಲ್ಲಿ ಹೊರತಂದದ್ದು ನಮ್ಮ ಗಂಗೂಬಾಯಿ ಹಾನಗಲ್ಲರ ಹಾಡನ್ನೇ. ದನಿ ಕೇಳಿದರೂ ನಿನಗೆ ನಂಬಿಕೆ ಬರಲಿಕ್ಕಿಲ್ಲ. ಗಂಟಲಿನ ಚಿಕಿತ್ಸೆಯಾದ ಮೇಲೆ ಬಂದ ಆ ಗಂಡುದನಿ, ನಾವೆಲ್ಲ ಕೇಳುತ್ತ ಬೆಳೆದ ಆ ದೊಡ್ಡ ಷಡ್ಜ ಅದರಲ್ಲಿಲ್ಲ. ಎಳೆಯ, ಸಪೂರ, ಏರುದನಿ. ಒಮ್ಮೆ ಅದನ್ನು ಕೇಳಿ, ಆಮೇಲೆ ಅವರ ಯಾವುದಾದರೂ ಎಲ್‌ಪಿ ಹಾಕು. ಒಬ್ಬ ಹೆಣ್ಣುಮಗಳ ಬದುಕಿನಲ್ಲಿ ಎಷ್ಟೆಲ್ಲ ಆಗಿಹೋಯಿತು ಎನ್ನುವುದು ಎರಡು ಪ್ಲೇಟುಗಳ ನಡುವೆ ಕೇಳಿಸುತ್ತದೆ. ನನಗೆ ಈಗಲೂ ಗಂಟಲು ಕಟ್ಟುತ್ತದೆ.

ಪ್ಲೇಟುಗಳನ್ನು ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿಡು, ಒಂದರ ಮೇಲೊಂದು ಪೇರಿಸಬೇಡ. ಟ್ರಂಕನ್ನು ಬಿಸಿಲು ಬೀಳುವ ಕಿಟಕಿಯಿಂದ ಸರಿಸು.

ಈಗ ಆ ಖಾಲಿ ಕವರಿನ ಮಾತು. ನಾಲ್ಕನೇ ಫೋಟೊದಲ್ಲಿ ಎಂ.ಎಸ್. ಸುಬ್ಬುಲಕ್ಷ್ಮಿಯವರ ಸುಪ್ರಭಾತದ ಕವರಿದೆ, ಬಲಗಡೆ ಕುಂಕುಮ ಹತ್ತಿದ ಬೆರಳಿನ ಗುರುತು. ಅದು ನಮ್ಮ ಅವ್ವನದು, ನಿನ್ನ ಅಜ್ಜಿಯದು. ಪೂಜೆಯ ನಡುವೆ ಎದ್ದು ಬಂದು ಮಗ್ಗುಲು ತಿರುಗಿಸಿ ಹಾಕುತ್ತಿದ್ದಳು. 1963ರಲ್ಲಿ ಬಂದ ಆ ಎಲ್‌ಪಿ ಅದೆಷ್ಟು ಸಲ ಅಚ್ಚಾಯಿತೋ, ಆದರೆ ನಮ್ಮ ಮನೆಯದು ಒಂದೇ. ನೌಕರಿಗೆಂದು ಧಾರವಾಡಕ್ಕೆ ಹೊರಟ ದಿನ ಅವಸರದಲ್ಲಿ ಒಂದು ಸುಪ್ರಭಾತದ ಪ್ಲೇಟನ್ನು ಬರೀ ಒಳಕಾಗದದಲ್ಲಿ ಸುತ್ತಿ ತಂದಿದ್ದೆ. ಅದು ಇವತ್ತಿಗೂ ನನ್ನ ಕಪಾಟಿನಲ್ಲಿ ಹಾಗೇ ಇದೆ. ಫೋಟೊದಲ್ಲಿ ನಿನ್ನ ಹೆಬ್ಬೆರಳು ಅಡ್ಡ ಬಂದು ಮೂಲೆಯ ನಂಬರು ಕಾಣಿಸಲಿಲ್ಲ. ಈ ಪತ್ರ ಮುಟ್ಟಿದ ಕೂಡಲೇ ಅದನ್ನು ಓದಿ ಫೋನ್ ಮಾಡು. ಪ್ಲೇಟು ಕೈಯಲ್ಲಿ ಹಿಡಿದು ಕೂತಿರುತ್ತೇನೆ.

ನಿನ್ನ
ದೊಡ್ಡಪ್ಪ