ವಿದ್ಯಾರ್ಥಿಗೆ ಮಲ್ಟಿಮೀಟರ್: ಅಗ್ಗದ ಬೆಲೆಯಲ್ಲಿ ಸರಿಯಾದ ಆಯ್ಕೆ

ಎಲೆಕ್ಟ್ರಾನಿಕ್ಸ್ ವ್ಯಾಸಂಗ ಮಾಡುವ ವಿದ್ಯಾರ್ಥಿಯು ಮೊದಲು ಕೊಳ್ಳುವ ಉಪಕರಣಗಳಲ್ಲಿ ಮಲ್ಟಿಮೀಟರ್ ಒಂದು. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಗಳಲ್ಲಿ ನೋಟಕ್ಕೆ ಒಂದೇ ಬಗೆಯವಾದರೂ ಬೆಲೆಯಲ್ಲಿ ಬಹಳ ಅಂತರವಿರುವ ಮೀಟರುಗಳು ದೊರೆಯುತ್ತವೆ. ಈ ಅಂತರವು ಯಾವುದಕ್ಕಾಗಿ ಎಂಬುದನ್ನು ಕೊಳ್ಳುವವರೂ ಮಾರುವವರೂ ಅರಿತಿರುವುದು ಅವಶ್ಯ.

ಅಳತೆಯ ನಂಬಿಕೆ

ಮೀಟರನ್ನು ಜೋಡಿಸಿದಾಗ ಅದೂ ಮಂಡಲದ ಒಂದು ಭಾಗವಾಗುತ್ತದೆ. 10 ವೋಲ್ಟ್ ಸರಬರಾಜಿಗೆ ತಲಾ 1 ಮೆಗಾಓಮ್‌ನ ಎರಡು ರೋಧಕಗಳನ್ನು ಸರಣಿಯಲ್ಲಿ ಜೋಡಿಸಿದರೆ ಒಂದೊಂದರ ಮೇಲೂ 5 ವೋಲ್ಟ್ ಇರುತ್ತದೆ. ಅತಿ ಅಗ್ಗದ ಅನೇಕ ಮೀಟರುಗಳ ಒಳರೋಧವು 1 ಮೆಗಾಓಮ್ ಮಾತ್ರ. ಅವು ಇಲ್ಲಿ ಸುಮಾರು 3.33 ವೋಲ್ಟ್ ತೋರಿಸುತ್ತವೆ. ಒಳರೋಧ 10 ಮೆಗಾಓಮ್ ಇದ್ದರೆ ಸುಮಾರು 4.76 ವೋಲ್ಟ್ ಕಾಣುತ್ತದೆ. ಮಂಡಲದಲ್ಲಿ ದೋಷವಿಲ್ಲದಿದ್ದರೂ ವಿದ್ಯಾರ್ಥಿಯು ದೋಷವನ್ನು ಹುಡುಕುತ್ತಾ ಕೂರುವಂತಾಗುತ್ತದೆ. ಆದ್ದರಿಂದ ಕೈಪಿಡಿಯಲ್ಲಿ 10 ಮೆಗಾಓಮ್ ಎಂದು ನಮೂದಾಗಿರುವುದನ್ನು ಖಚಿತಪಡಿಸಿಕೊಳ್ಳಬೇಕು.

ಪ್ರಾಣದ ಪ್ರಶ್ನೆ

ಪ್ರವಾಹ ಅಳೆಯುವ ರಂಧ್ರದಲ್ಲಿ ತಂತಿಯಿದ್ದಾಗ ಮೀಟರಿನ ರೋಧವು ಅತ್ಯಲ್ಪವಾಗಿರುತ್ತದೆ. ತಂತಿಯನ್ನು ಅಲ್ಲಿಂದ ಬದಲಿಸದೆ 230 ವೋಲ್ಟಿನ ಸಾಕೆಟ್ಟಿಗೆ ತಾಗಿಸಿದರೆ ಅದು ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಕಡಿಮೆ ಬೆಲೆಯ ಹಲವು ಮೀಟರುಗಳ 10 ಆಂಪಿಯರ್ ರಂಧ್ರಕ್ಕೆ ಫ್ಯೂಸ್ ಇರುವುದಿಲ್ಲ. ಹಾಗೆಂದು ಅದರ ಪಕ್ಕದಲ್ಲಿಯೇ ಮುದ್ರಿತವಾಗಿರುತ್ತದೆ. ಅಂತಹ ಮೀಟರು ಬ್ಯಾಟರಿಯಿಂದ ನಡೆಯುವ ಪ್ರಯೋಗಗಳಿಗೆ ಸಾಕು. ಮನೆಯ ವಿದ್ಯುತ್ತಿಗೆ ಸಲ್ಲದು.

ಐ.ಇ.ಸಿ. 61010 ಮಾನಕದ ಪ್ರಕಾರ ಸಾಕೆಟ್ಟಿಗೆ ಜೋಡಿಸುವ ಉಪಕರಣಗಳಿಗೆ ‘ಕ್ಯಾಟ್ 2’, ಕಟ್ಟಡದ ಸ್ಥಿರ ವೈರಿಂಗ್ ಹಾಗೂ ವಿತರಣಾ ಫಲಕಗಳಿಗೆ ‘ಕ್ಯಾಟ್ 3’ ಶ್ರೇಣಿ ಅನ್ವಯಿಸುತ್ತದೆ. ಆದರೆ ಮುದ್ರಿತ ಅಕ್ಷರವೊಂದೇ ಪ್ರಮಾಣವಲ್ಲ. ಮೀಟರಿನ ಮುಖದ ಮೇಲೆ 600 ವೋಲ್ಟ್ ಎಂದಿದ್ದು, ಒಳಗೆ 250 ವೋಲ್ಟಿನ ಸಣ್ಣ ಗಾಜಿನ ಫ್ಯೂಸ್ ಇದ್ದರೆ ಆ ಭರವಸೆಯನ್ನು ಪ್ರಶ್ನಿಸುವುದು ಯುಕ್ತ. ಎರಡೂ ಪ್ರವಾಹ ರಂಧ್ರಗಳಿಗೆ ತಕ್ಕ ವೋಲ್ಟೇಜಿನ ಸೆರಾಮಿಕ್ ಫ್ಯೂಸ್ ಇರುವುದು ಲೇಸು.

ಕೊಳ್ಳುವಾಗ ಗಮನಿಸಬೇಕಾದ ಅಂಶಗಳು

1. ಓಮ್ ಶ್ರೇಣಿಯಲ್ಲಿ ಎರಡೂ ಪ್ರೋಬ್‌ಗಳನ್ನು ಒತ್ತಿ ಹಿಡಿದಾಗ ಅತ್ಯಲ್ಪ ರೋಧ ಕಾಣಬೇಕು. ತಂತಿಯನ್ನು ಅಲುಗಿಸಿದರೂ ಅಂಕಿ ನೆಗೆಯಬಾರದು.
2. ಕಂಟಿನ್ಯುಟಿ ಸದ್ದು ತಡವಿಲ್ಲದೆ ಕೇಳಬೇಕು.
3. ಬದಲಿ ಫ್ಯೂಸ್ ಸುಲಭವಾಗಿ ದೊರೆಯಬೇಕು.
4. ಬ್ಯಾಟರಿ ಕುಗ್ಗಿದ ಸೂಚನೆ ಇರಬೇಕು. ಬ್ಯಾಟರಿ ಕುಗ್ಗಿದರೆ ಅಳತೆಯೂ ತಪ್ಪಬಹುದು.

ತಾಪಮಾನ ಅಳತೆ, ಟ್ರಾನ್ಸಿಸ್ಟರ್ ಪರೀಕ್ಷೆ ಮುಂತಾದ ಸೌಲಭ್ಯಗಳನ್ನು ಬಿಟ್ಟರೂ ಆರಂಭದ ವ್ಯಾಸಂಗಕ್ಕೆ ಕೊರತೆಯಾಗದು. ಉಳಿದ ಹಣವು ಫ್ಯೂಸಿಗೂ ಒಳ್ಳೆಯ ಪ್ರೋಬ್‌ಗಳಿಗೂ ಸಲ್ಲಲಿ.

ವರ್ತಕ ಬಂಧುಗಳು ಮೀಟರನ್ನು ಕೊಡುವ ಮುನ್ನ “ಇದನ್ನು ಯಾವುದಕ್ಕೆ ಬಳಸುವಿರಿ?” ಎಂದು ವಿಚಾರಿಸುವುದು ಒಳಿತು. ಆ ಒಂದು ಪ್ರಶ್ನೆಯಿಂದ ಅಪಘಾತವೊಂದು ತಪ್ಪಬಹುದು. ಗ್ರಾಹಕರ ವಿಶ್ವಾಸವೂ ಉಳಿದೀತು.