ವಿಂಡೋಸ್ ಬದಲಿಸಲು ದುಡ್ಡು ಕೊಡಬೇಕೇ?

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಕಂಪ್ಯೂಟರ್ ಅಂಗಡಿಗೆ ಹೋದರೆ ‘11 ಹಾಕಿಬಿಡ್ಲಾ ಸಾರ್?’ ಎನ್ನುತ್ತಾರೆ. ಹೂಂ ಎನ್ನುವ ಮೊದಲು ತಿಳಿದಿರಲಿ: ಅಸಲಿ ವಿಂಡೋಸ್ 10 ಇರುವ, ತಾಕತ್ತುಳ್ಳ ಯಂತ್ರಕ್ಕೆ 11 ಪುಕ್ಕಟೆ. ವಿಂಡೋಸ್ ಸಮೇತ ಬಂದ ಲ್ಯಾಪ್‌ಟಾಪ್‌ನ ಬೆಲೆಯಲ್ಲೇ ಲೈಸೆನ್ಸಿನ ದುಡ್ಡೂ ಸೇರಿರುತ್ತದೆ. 2009ರಲ್ಲಿ ಮ್ಯಾಕ್‌ನ ಸ್ನೋ ಲೆಪರ್ಡ್ ಆವೃತ್ತಿಗೆ 29 ಡಾಲರ್ ಕೇಳಿದ್ದ ಆಪಲ್ ಕೂಡ, 2013ರ ಮಾವೆರಿಕ್ಸ್‌ನಿಂದೀಚೆಗೆ ಹೊಸ ಆವೃತ್ತಿಗೆ ಕಾಸು ಕೇಳುತ್ತಿಲ್ಲ.

ಮೊದಲು ಲೈಸೆನ್ಸ್ ನೋಡಿ

ಸೆಟ್ಟಿಂಗ್ಸ್‌ನಲ್ಲಿ ‘ಅಪ್‌ಡೇಟ್ ಆ್ಯಂಡ್ ಸೆಕ್ಯುರಿಟಿ’, ಅದರೊಳಗೆ ‘ಆ್ಯಕ್ಟಿವೇಶನ್’ ತೆರೆಯಿರಿ. ಡಿಜಿಟಲ್ ಲೈಸೆನ್ಸ್ ಇದೆ ಎಂದು ತೋರಿಸಿದರೆ ಸರಿ. ಇಲ್ಲದಿದ್ದರೆ, ಹಿಂದೆ ಫಾರ್ಮ್ಯಾಟ್ ಹೊಡೆದವರು ಹೋಮ್ ಆವೃತ್ತಿ ಇದ್ದ ಲ್ಯಾಪ್‌ಟಾಪ್‌ಗೆ ಪ್ರೊ ಹಾಕಿರಬಹುದು. ವಿಂಡೋಸ್ 8ರ ಕಾಲದಿಂದ ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಕೀಲಿ ಮದರ್‌ಬೋರ್ಡ್‌ನಲ್ಲೇ ಅಡಗಿರುತ್ತದೆ. ಮೂಲ ಆವೃತ್ತಿಯನ್ನೇ ಮತ್ತೆ ಹಾಕಿದರೆ ತಾನಾಗಿ ಆ್ಯಕ್ಟಿವೇಟ್ ಆಗುತ್ತದೆ. ಕೆಲವೇ ನೂರು ರೂಪಾಯಿಗೆ ಆನ್‌ಲೈನಿನಲ್ಲಿ ಸಿಗುವ ಕೀಲಿಗಳ ಗೋಜಿಗೆ ಹೋಗಬೇಡಿ. ಎಷ್ಟೋ ಸಲ ಅವು ಕಂಪನಿಗಳಿಗೆಂದು ಕೊಟ್ಟ ಕೀಲಿಗಳು, ಯಾವತ್ತು ಬೇಕಾದರೂ ರದ್ದಾಗಬಹುದು.

ಆಮೇಲೆ ಯಂತ್ರದ ತಾಕತ್ತು

ಮೈಕ್ರೋಸಾಫ್ಟ್‌ನದೇ ‘ಪಿಸಿ ಹೆಲ್ತ್ ಚೆಕ್’ ಆ್ಯಪ್ ಹಾಕಿ ಓಡಿಸಿ. 11ಕ್ಕೆ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನದೋ ನಂತರದ್ದೋ ಆಗಿರಬೇಕು: ಐ5-8250ಯು ನಡೆಯುತ್ತದೆ, ಐ5-7200ಯು ನಡೆಯುವುದಿಲ್ಲ. ಟಿಪಿಎಂ ಇಲ್ಲ ಎಂದು ಆ್ಯಪ್ ಹೇಳಿದರೂ ಕೈಚೆಲ್ಲಬೇಡಿ. ಎಷ್ಟೋ ಕಡೆ ಅದು ಬಯೋಸ್‌ನಲ್ಲಿ ಆಫ್ ಆಗಿರುತ್ತದೆ, ಅಷ್ಟೇ. ಇಂಟೆಲ್‌ನವರು ಅದನ್ನು ಪಿಟಿಟಿ ಎಂದೂ ಎಎಂಡಿಯವರು ಎಫ್‌ಟಿಪಿಎಂ ಎಂದೂ ಕರೆಯುತ್ತಾರೆ. ಆನ್ ಮಾಡಿ ಇನ್ನೊಮ್ಮೆ ಪರೀಕ್ಷಿಸಿ.

ತಾಕತ್ತಿಲ್ಲದ ಯಂತ್ರಕ್ಕೂ ಅಡ್ಡದಾರಿಯಲ್ಲಿ 11 ಹಾಕಿಕೊಡುವವರಿದ್ದಾರೆ. ಹಾಗೆ ಹಾಕಿದ ಯಂತ್ರಕ್ಕೆ ಅಪ್‌ಡೇಟ್ ಬರುವ ಖಾತರಿಯಿಲ್ಲ ಎಂದು ಮೈಕ್ರೋಸಾಫ್ಟ್ ಹೇಳಿದೆ. ಅಪ್‌ಡೇಟಿಗಾಗಿಯೇ ತಾನೇ ಇಷ್ಟೆಲ್ಲ?

ಯಂತ್ರ ಹಳೆಯದಾದರೆ

ವಿಂಡೋಸ್ 10ರಲ್ಲೇ ಇದ್ದು, 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಪಡೆಯುವ ಇಎಸ್‌ಯು ಯೋಜನೆ ಇದೆ. ಘೋಷಿತ ದರ 30 ಡಾಲರ್. ಆದರೆ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ, ‘ವಿಂಡೋಸ್ ಬ್ಯಾಕಪ್’ ಮೂಲಕ ಸೆಟ್ಟಿಂಗ್ಸ್ ಸಿಂಕ್ ಮಾಡಿದರೆ ಒಂದು ಪೈಸೆಯೂ ಬೇಡ. ಆವೃತ್ತಿ 22ಎಚ್2 ಆಗಿರಬೇಕು. ‘ವಿಂಡೋಸ್ ಅಪ್‌ಡೇಟ್’ ಪುಟದಲ್ಲೇ ‘ಎನ್‌ರೋಲ್ ನೌ’ ಕೊಂಡಿ ಕಾಣಿಸುತ್ತದೆ.

ಅದೂ ಮುಗಿದ ಮೇಲೆ ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಲಿನಕ್ಸ್ ಮಿಂಟ್ ಇದೆ, ಉಚಿತ. ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿ. ಪ್ರಿಂಟರ್, ವೈಫೈ ನಡೆಯುತ್ತವೆಯೇ ಎಂದು ತಿಳಿಯುತ್ತದೆ. ಕನ್ನಡ ಟೈಪಿಂಗಿಗೆ ಕಗಪ ಕೀಲಿಮಣೆ ಸಿಗುತ್ತದೆ. ತೊಡಕಿರುವುದು ‘ನುಡಿ’ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಕಡತಗಳಲ್ಲಿ: ಆ ಫಾಂಟ್ ಇಲ್ಲದಿದ್ದರೆ ಅಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು ವಿಂಡೋಸ್ ಬಿಡದಿರುವುದೇ ವಾಸಿ.

ದುಡ್ಡು ಬಿಚ್ಚುವುದಾದರೆ

ಅಸೆಂಬಲ್ ಮಾಡಿಸಿದ ಪಿಸಿಗೆ ಲೈಸೆನ್ಸ್ ಕೊಳ್ಳಲೇಬೇಕು. ಸಂಸ್ಥೆಗಳಿಗೆ ಇಎಸ್‌ಯು ಮೊದಲ ವರ್ಷ ಯಂತ್ರಕ್ಕೆ 61 ಡಾಲರ್, ಮುಂದೆ ವರ್ಷವರ್ಷವೂ ದುಪ್ಪಟ್ಟು. ಅಲ್ಲಿ ಹೊಸ ಯಂತ್ರವೇ ಲೇಸೆಂದು ನನ್ನ ಅನಿಸಿಕೆ. ಮನೆಯವರು ಖರ್ಚು ಮಾಡುವುದಾದರೆ ಹಳೆಯ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಲಿ, ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಅಂಗಡಿಯವರಿಗೆ ಕೂಲಿ ಕೊಡುವುದು ನ್ಯಾಯವೇ. ಆದರೆ ಬಿಲ್ಲಿನಲ್ಲಿ ಕೂಲಿ ಎಷ್ಟು, ‘ವಿಂಡೋಸ್’ ಎಷ್ಟು ಎಂದು ಬಿಡಿಸಿ ಬರೆಸಿಕೊಳ್ಳಿ.

ಯಂತ್ರ ಅವರ ಕೈಗೆ ಕೊಡುವ ಮುನ್ನ ಫೋಟೊ, ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲಿಸಿಕೊಳ್ಳಿ. ಡಿ ಡ್ರೈವ್‌ನಲ್ಲಿದೆಯಲ್ಲ ಎಂದು ಸುಮ್ಮನಿರಬೇಡಿ. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಅದೂ ಅದೇ ಡಿಸ್ಕಿನ ಭಾಗ.